ಮಕ್ಕಳ ಮನೆಯ ತಾಯಿ ಮರಿಯಾ ಮಾಂಟೆಸ್ಸೊರಿ

ಮಗುವಿಗೆ ಮೂರು ವರ್ಷ ತುಂಬುತ್ತಾ ಬಂದಂತೆ ಮನೆಯಲ್ಲಿ ಒಂದು ಚರ್ಚೆ ಶುರುವಾಗುತ್ತದೆ. ಯಾವ ಶಾಲೆಗೆ ಸೇರಿಸೋಣ? ಅಜ್ಜಿಗೆ ಮನೆಯ ಹತ್ತಿರದ ಶಾಲೆಯೇ ಆಗಬೇಕು. ಅಪ್ಪನಿಗೆ ಇಂಗ್ಲಿಷ್ ಚೆನ್ನಾಗಿ ಕಲಿಸುವ ಶಾಲೆ ಬೇಕು. ಅಮ್ಮನಿಗೆ ಮಗು ಅಳದೆ ಹೋಗಿ ಬಂದರೆ ಸಾಕು. ನೆರೆಮನೆಯ ಮಗು ಎಲ್ಲಿಗೆ ಹೋಗುತ್ತದೆ, ಫೀಸು ಎಷ್ಟು, ವ್ಯಾನು ಮನೆಯ ಬಾಗಿಲಿಗೆ ಬರುತ್ತದೋ ಇಲ್ಲವೋ ಎಂಬ ಲೆಕ್ಕಾಚಾರ ಬೇರೆ. ಇಷ್ಟೆಲ್ಲ ಗಡಿಬಿಡಿಯಲ್ಲಿ, ಆ ಶಾಲೆಗೆ ಹೋಗಿ ಕುಳಿತುಕೊಳ್ಳಬೇಕಾದ ಮಗುವಿಗೆ ಏನು ಬೇಕು ಎಂದು ಯೋಚಿಸುವವರು ಕಡಿಮೆ.

ನಮ್ಮ ಊರುಗಳಲ್ಲಿ ಇಂದು ಅನೇಕ ಶಿಶುಶಾಲೆಗಳ ಬೋರ್ಡಿನ ಮೇಲೆ 'ಮಾಂಟೆಸ್ಸೊರಿ' ಎಂಬ ಪದ ಕಾಣುತ್ತದೆ. ಅದೊಂದು ಬೋಧನಾ ಪದ್ಧತಿ ಎಂದು ಬಹಳ ಜನ ಬಲ್ಲರು. ಅದು ಒಬ್ಬ ಕಥೋಲಿಕ ಮಹಿಳೆಯ ಮನೆತನದ ಹೆಸರು, ಆಕೆ ಏಳು ವರ್ಷಗಳಷ್ಟು ಕಾಲ ನಮ್ಮ ದೇಶದಲ್ಲೇ ನೆಲೆಸಿದ್ದರು ಎಂಬುದನ್ನು ಬಲ್ಲವರು ಕೆಲವರು ಮಾತ್ರ. ಅವರ ಬಾಳಿನ ಕಥೆಯನ್ನು ಅರಿತ ತಂದೆತಾಯಂದಿರು ಶಿಶುಶಾಲೆಯ ಬಾಗಿಲಲ್ಲಿ ನಿಂತಾಗ ಏನನ್ನು ನೋಡಬೇಕು ಎಂಬುದನ್ನೂ ಅರಿತಂತಾಗುತ್ತದೆ.

ಹಟ ಹಿಡಿದು ಓದಿದ ಹುಡುಗಿ

ಮರಿಯಾ ಮಾಂಟೆಸ್ಸೊರಿಯವರು ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಅಂಕೋನಾ ನಗರದ ಬಳಿಯ ಕಿಯರವಾಲೆ ಎಂಬ ಸಣ್ಣ ಊರಿನಲ್ಲಿ. ತಂದೆ ಅಲೆಸ್ಸಾಂದ್ರೊ ಸರ್ಕಾರಿ ನೌಕರರು, ಹಳೆಯ ಶಿಸ್ತಿನ ಮನುಷ್ಯ. ತಾಯಿ ರೆನಿಲ್ದೆ ಓದಿನಲ್ಲಿ ಆಸಕ್ತಿಯಿದ್ದ ಭಕ್ತಿವಂತ ಹೆಂಗಸು. ಮರಿಯಾ ಅವರ ಒಬ್ಬಳೇ ಮಗಳು. ಆಕೆ ಐದು ವರ್ಷದವರಿದ್ದಾಗ ಕುಟುಂಬ ರೋಮ್ ನಗರಕ್ಕೆ ಬಂದು ನೆಲೆಸಿತು.

ಆ ಕಾಲದಲ್ಲಿ ಓದಿದ ಹುಡುಗಿಗೆ ಶಿಕ್ಷಕಿಯ ಕೆಲಸವೇ ಸರಿಯೆಂದು ತಂದೆಯ ಅಭಿಪ್ರಾಯ. ಮರಿಯಾರಿಗೋ ಶಿಕ್ಷಕಿಯಾಗುವ ಮನಸ್ಸೇ ಇರಲಿಲ್ಲ. ಮೊದಲು ಎಂಜಿನಿಯರ್ ಆಗಬೇಕೆಂದು ಗಂಡುಹುಡುಗರ ತಾಂತ್ರಿಕ ಶಾಲೆಗೆ ಸೇರಿದರು. ಆಮೇಲೆ ಮನಸ್ಸು ವೈದ್ಯವಿದ್ಯೆಯ ಕಡೆ ತಿರುಗಿತು. ತಂದೆ ಒಪ್ಪಲಿಲ್ಲ. ತಾಯಿ ಬೆನ್ನಿಗೆ ನಿಂತರು. ವೈದ್ಯಕೀಯ ಕಾಲೇಜಿನಲ್ಲಿ ಗಂಡಸರ ಜೊತೆ ನಿಂತು ಶವಛೇದನ ಮಾಡುವುದು ಹೆಣ್ಣಿಗೆ ಸಲ್ಲದು ಎಂಬ ಕಾರಣಕ್ಕೆ, ಎಲ್ಲರೂ ಹೋದ ಮೇಲೆ ಸಂಜೆಯ ಹೊತ್ತು ಒಬ್ಬರೇ ಕುಳಿತು ಆ ಪಾಠ ಮುಗಿಸಬೇಕಾಗುತ್ತಿತ್ತು. 1896ರಲ್ಲಿ ಪದವಿ ಪಡೆದಾಗ ಅವರು ಇಟಲಿಯ ಮೊದಲ ಕೆಲವೇ ವೈದ್ಯೆಯರಲ್ಲಿ ಒಬ್ಬರಾಗಿದ್ದರು.

ಎಳೆಯ ವೈದ್ಯೆಯಾಗಿ ಅವರು ರೋಮಿನ ಹುಚ್ಚಾಸ್ಪತ್ರೆಗಳಿಗೆ ಭೇಟಿ ಕೊಡುತ್ತಿದ್ದರು. ಬುದ್ಧಿ ಬೆಳೆಯದ ಮಕ್ಕಳನ್ನು ಅಲ್ಲಿ ದೊಡ್ಡವರ ಜೊತೆಗೇ ಕೂಡಿಹಾಕುತ್ತಿದ್ದರು. ಒಂದು ಕಡೆ ಮಕ್ಕಳು ಊಟವಾದ ಮೇಲೆ ನೆಲದ ಮೇಲೆ ಬಿದ್ದ ರೊಟ್ಟಿಯ ಚೂರುಗಳನ್ನು ಹೆಕ್ಕುತ್ತಿದ್ದರಂತೆ. ನೋಡಿಕೊಳ್ಳುವವಳಿಗೆ ಅದು ಹೊಲಸು ಬುದ್ಧಿಯಾಗಿ ಕಂಡಿತು. ಮರಿಯಾರಿಗೆ ಕಂಡದ್ದೇ ಬೇರೆ. ಆ ಬರಿಯ ಕೋಣೆಯಲ್ಲಿ ಮಕ್ಕಳ ಕೈಗೆ ಹಿಡಿಯಲು, ಮುಟ್ಟಲು, ತಿರುಗಿಸಲು ಮತ್ತೇನೂ ಇರಲಿಲ್ಲ. ಹಸಿದದ್ದು ಹೊಟ್ಟೆಯಲ್ಲ, ಕೈ. ಅವರ ಮುಂದಿನ ಬಾಳೆಲ್ಲ ಈ ಒಂದು ನೋಟದಿಂದ ಬೆಳೆಯಿತು ಎನ್ನಬಹುದು.

ಇಟಾರ್ಡ್ ಮತ್ತು ಸೆಗ್ವಿನ್ ಎಂಬ ಇಬ್ಬರು ಫ್ರೆಂಚ್ ವೈದ್ಯರ ಗ್ರಂಥಗಳನ್ನು ಅವರು ಆಳವಾಗಿ ಓದಿದರು. 1900ರಲ್ಲಿ ರೋಮಿನಲ್ಲಿ ಇಂತಹ ಮಕ್ಕಳಿಗಾಗಿ ಶುರುವಾದ ಸಂಸ್ಥೆಯೊಂದರ ಹೊಣೆ ಹೊತ್ತರು. ಕೈಯಿಂದ ಮುಟ್ಟಿ ಕಲಿಯುವ ಸಾಧನಗಳನ್ನು ರಚಿಸಿ, ಹಗಲೆಲ್ಲ ಮಕ್ಕಳ ಜೊತೆ ಕುಳಿತು ಕಲಿಸಿದರು. ದಡ್ಡರೆಂದು ಕೈಬಿಟ್ಟಿದ್ದ ಆ ಮಕ್ಕಳಲ್ಲಿ ಕೆಲವರು ಸಾಮಾನ್ಯ ಮಕ್ಕಳ ಪರೀಕ್ಷೆಯನ್ನೇ ಬರೆದು ತೇರ್ಗಡೆಯಾದರು. ಜನ ಬೆರಗಾದರು. ಮರಿಯಾರಿಗೆ ಮಾತ್ರ ಬೇರೊಂದು ಚಿಂತೆ ಹತ್ತಿತು. ಈ ಮಕ್ಕಳು ಇಷ್ಟು ಕಲಿತರೆ, ಆರೋಗ್ಯವಂತ ಮಕ್ಕಳು ಶಾಲೆಯಲ್ಲಿ ಇಷ್ಟೇ ಕಲಿಯುತ್ತಿರುವುದೇಕೆ? ಶಾಲೆಯೇ ಅವರನ್ನು ಹಿಂದಕ್ಕೆ ಎಳೆಯುತ್ತಿರಬಹುದೇ?

ಮಡಿಲಲ್ಲಿ ಬೆಳೆಯದ ಮಗ

ಇಲ್ಲಿ ಒಂದು ನೋವಿನ ಸಂಗತಿಯನ್ನು ಹೇಳಲೇಬೇಕು. ಮುಚ್ಚಿಟ್ಟರೆ ಈ ಕಥೆ ಪೂರ್ತಿಯಾಗುವುದಿಲ್ಲ. 1898ರ ಮಾರ್ಚ್ 31ರಂದು ಮರಿಯಾರಿಗೆ ಒಬ್ಬ ಮಗ ಹುಟ್ಟಿದ. ಹೆಸರು ಮಾರಿಯೊ. ತಂದೆ ಅವರ ಜೊತೆ ಕೆಲಸ ಮಾಡುತ್ತಿದ್ದ ವೈದ್ಯ ಜೂಸೆಪ್ಪೆ ಮೊಂತೆಸಾನೊ. ಇಬ್ಬರಿಗೂ ಮದುವೆಯಾಗಿರಲಿಲ್ಲ. ವಿಷಯ ಹೊರಗೆ ಬಂದರೆ ಆ ಕಾಲದ ಸಮಾಜದಲ್ಲಿ ಮರಿಯಾರ ಕೆಲಸ, ಹೆಸರು ಎಲ್ಲವೂ ಮುಗಿದಂತೆ. ಮಗುವನ್ನು ಗುಟ್ಟಾಗಿ ಹಳ್ಳಿಯ ಕುಟುಂಬವೊಂದರಲ್ಲಿ ಸಾಕಲು ಬಿಟ್ಟರು. 1901ರಲ್ಲಿ ಮೊಂತೆಸಾನೊ ಬೇರೊಬ್ಬರನ್ನು ಮದುವೆಯಾದರು. ಮರಿಯಾ ಆ ಸಂಸ್ಥೆಯನ್ನು ಬಿಟ್ಟು ಹೊರಬಂದರು.

ಅವರು ಆಗಾಗ ಹೋಗಿ ಮಗನನ್ನು ನೋಡಿ ಬರುತ್ತಿದ್ದರು. ಆದರೆ ತಾನು ತಾಯಿ ಎಂದು ಹೇಳುವಂತಿರಲಿಲ್ಲ. 1912ರ ಕೊನೆಯಲ್ಲಿ ತಮ್ಮ ತಾಯಿ ತೀರಿಕೊಂಡ ಮೇಲೆ, ಮರುವರ್ಷ, ಹದಿಹರೆಯದ ಮಾರಿಯೊ ಅವರ ಮನೆಗೆ ಬಂದ. ಆಮೇಲೂ ಬಹುಕಾಲ ಲೋಕದೆದುರು ಅವನು ಅಣ್ಣನ ಮಗನೋ ಸಾಕುಮಗನೋ ಎಂಬಂತೆಯೇ ಉಳಿಯಬೇಕಾಯಿತು. ಲೋಕದ ಮಕ್ಕಳ ಮನಸ್ಸನ್ನು ಓದಿದ ಈ ತಾಯಿಗೆ ಸ್ವಂತ ಮಗ ಮೊದಲ ಹೆಜ್ಜೆಯಿಟ್ಟಾಗ, ಮೊದಲ ಮಾತನಾಡಿದಾಗ ಪಕ್ಕದಲ್ಲಿರುವ ಭಾಗ್ಯ ಸಿಗಲಿಲ್ಲ. ತೀರ್ಪು ಕೊಡುವುದು ನಮ್ಮ ಕೆಲಸವಲ್ಲ, ಅದು ದೇವರಿಗೆ ಸೇರಿದ್ದು. ಆದರೆ ಚಿಕ್ಕ ಮಗುವನ್ನು ಬೇರೆಯವರ ಕೈಗೆ ಒಪ್ಪಿಸುವುದು ಎಂದರೇನು ಎಂಬುದನ್ನು ಮರಿಯಾ ಪುಸ್ತಕದಿಂದ ಕಲಿತವರಲ್ಲ ಎಂಬುದನ್ನು ನಾವು ನೆನಪಿಡಬೇಕು.

ಮೂರು ರಾಯರ ಹಬ್ಬದಂದು ತೆರೆದ ಬಾಗಿಲು

ರೋಮಿನ ಸಾನ್ ಲೊರೆಂಜೊ ಆಗ ಕಡುಬಡವರ ಕೇರಿ. ಅಲ್ಲಿನ ಹಾಳುಬಿದ್ದ ಕಟ್ಟಡಗಳನ್ನು ಒಂದು ಸಂಸ್ಥೆ ದುರಸ್ತಿ ಮಾಡಿಸಿ ಕೂಲಿಕಾರರ ಕುಟುಂಬಗಳಿಗೆ ಬಾಡಿಗೆಗೆ ಕೊಟ್ಟಿತ್ತು. ತಂದೆತಾಯಿ ಕೆಲಸಕ್ಕೆ ಹೋದರೆ, ಶಾಲೆಗೆ ಹೋಗುವ ವಯಸ್ಸಾಗದ ಮಕ್ಕಳು ಮೆಟ್ಟಿಲುಗಳ ಮೇಲೆ ಓಡಾಡಿ ಗೋಡೆಗಳನ್ನೆಲ್ಲ ಹಾಳುಮಾಡುತ್ತಿದ್ದರು. ಗೋಡೆ ಉಳಿಯಬೇಕಾದರೆ ಮಕ್ಕಳನ್ನು ಒಂದು ಕೋಣೆಯಲ್ಲಿ ಕೂಡಿಹಾಕಿ ನೋಡಿಕೊಳ್ಳುವುದೇ ಲಾಭವೆಂದು ಸಂಸ್ಥೆಗೆ ತೋಚಿತು. ಆ ಹೊಣೆಯನ್ನು ಮರಿಯಾರಿಗೆ ಒಪ್ಪಿಸಿದರು. 1907ರ ಜನವರಿ 6ರಂದು, ಮೂರು ರಾಯರು ಬಾಲಯೇಸುವಿನ ಮುಂದೆ ಮಂಡಿಯೂರಿದ ಆ ಹಬ್ಬದ ದಿನ, ಸುಮಾರು ಐವತ್ತು ಮಕ್ಕಳೊಂದಿಗೆ ಬಾಗಿಲು ತೆರೆಯಿತು. ಅದಕ್ಕೆ ಶಾಲೆ ಎಂಬ ಹೆಸರಿಡಲಿಲ್ಲ. ಮಕ್ಕಳ ಮನೆ ಎಂದೇ ಕರೆದರು.

ಅಲ್ಲಿ ತರಬೇತಾದ ಶಿಕ್ಷಕಿಯಿರಲಿಲ್ಲ, ದುಬಾರಿ ಸಾಮಾನುಗಳಿರಲಿಲ್ಲ. ಇದ್ದದ್ದು ಮರಿಯಾರ ಕಣ್ಣು. ಅವರು ಮಕ್ಕಳಿಗೆ ಕಲಿಸುವುದಕ್ಕಿಂತ ಹೆಚ್ಚಾಗಿ ಮಕ್ಕಳನ್ನು ನೋಡುತ್ತಿದ್ದರು. ಹಾಗೆ ನೋಡಿ ಕಂಡುಕೊಂಡ ಕೆಲವು ಸಂಗತಿಗಳು ಇಂದಿಗೂ ನಮ್ಮನ್ನು ಯೋಚನೆಗೆ ಹಚ್ಚುತ್ತವೆ.

ಸುಮಾರು ಮೂರು ವರ್ಷದ ಒಬ್ಬ ಪುಟ್ಟ ಹುಡುಗಿ ಬೇರೆ ಬೇರೆ ಗಾತ್ರದ ಮರದ ಗುಂಡುಗಳನ್ನು ತಕ್ಕ ಕುಳಿಗಳಲ್ಲಿ ಕೂರಿಸುತ್ತಿದ್ದಳು. ಮುಗಿಯಿತು ಎನ್ನುವಾಗ ಮತ್ತೆ ತೆಗೆದು ಮೊದಲಿನಿಂದ ಶುರುಮಾಡುತ್ತಿದ್ದಳು. ಸುತ್ತ ಮಕ್ಕಳನ್ನು ಹಾಡಿಸಿದರೂ, ಅವಳು ಕುಳಿತ ಕುರ್ಚಿಯನ್ನೇ ಎತ್ತಿ ಮೇಜಿನ ಮೇಲಿಟ್ಟರೂ ಅವಳ ಕೈ ನಿಲ್ಲಲಿಲ್ಲ. ನಲವತ್ತಕ್ಕೂ ಹೆಚ್ಚು ಬಾರಿ ಮಾಡಿದ ಮೇಲೆ ತಾನಾಗಿಯೇ ನಿಲ್ಲಿಸಿ, ಒಳ್ಳೆಯ ನಿದ್ದೆಯಿಂದ ಎದ್ದವಳಂತೆ ಸುತ್ತಲೂ ನೋಡಿದಳು. ಚಿಕ್ಕ ಮಕ್ಕಳ ಮನಸ್ಸು ಒಂದೆಡೆ ನಿಲ್ಲುವುದಿಲ್ಲ ಎಂಬ ನಮ್ಮ ಮಾತು ಅಂದು ಸುಳ್ಳಾಯಿತು. ತಕ್ಕ ಕೆಲಸ ಸಿಕ್ಕರೆ ಮಗುವಿನ ಮನಸ್ಸು ನಿಲ್ಲುತ್ತದೆ. ಓಡಿಹೋಗುವುದು ನಾವು ಹೇರಿದ ಕೆಲಸದಿಂದ.

ಮತ್ತೊಂದು ದಿನ ಶಿಕ್ಷಕಿ ಬರುವುದು ತಡವಾಯಿತು. ಹಿಂದಿನ ದಿನ ಬೀರುವಿಗೆ ಬೀಗ ಹಾಕುವುದನ್ನೂ ಮರೆತಿದ್ದಳು. ಬಂದು ನೋಡಿದರೆ ಮಕ್ಕಳು ತಮಗೆ ಬೇಕಾದ ಸಾಮಾನುಗಳನ್ನು ತಾವೇ ಆರಿಸಿಕೊಂಡು ಕೆಲಸದಲ್ಲಿ ಮುಳುಗಿದ್ದರು. ಶಿಕ್ಷಕಿಗೆ ಅದು ಕಳ್ಳತನವಾಗಿ ಕಂಡಿತು. ಮರಿಯಾರಿಗೆ ಅದು ಆಯ್ಕೆಯಾಗಿ ಕಂಡಿತು. ಅಂದಿನಿಂದ ಬೀಗದ ಬೀರು ಹೋಗಿ, ಮಕ್ಕಳ ಕೈಗೆಟಕುವ ತಗ್ಗಿನ, ಬಾಗಿಲಿಲ್ಲದ ಬೀರುಗಳು ಬಂದವು. ಮೇಜು, ಕುರ್ಚಿ ಎಲ್ಲವೂ ಮಕ್ಕಳ ಅಳತೆಗೆ ಇಳಿದವು. ಬಹುಮಾನಕ್ಕೆಂದು ತಂದ ಮಿಠಾಯಿಯ ಕಡೆಗೆ ಮಕ್ಕಳು ಗಮನವನ್ನೇ ಕೊಡಲಿಲ್ಲ. ಬಹುಮಾನವೂ ಹೋಯಿತು, ದಂಡನೆಯೂ ಹೋಯಿತು.

ಇನ್ನೊಮ್ಮೆ ಮರಿಯಾ ಮಕ್ಕಳಿಗೆ ಕರವಸ್ತ್ರದಿಂದ ಮೂಗು ಒರೆಸಿಕೊಳ್ಳುವುದು ಹೇಗೆಂದು ಸದ್ದಿಲ್ಲದೆ ಮಾಡಿ ತೋರಿಸಿದರು. ಮಕ್ಕಳು ನಗುತ್ತಾರೆ ಎಂದುಕೊಂಡಿದ್ದರು. ಆದರೆ ಮಕ್ಕಳು ಉಸಿರು ಬಿಗಿಹಿಡಿದು ನೋಡಿ, ಕೊನೆಗೆ ಚಪ್ಪಾಳೆ ತಟ್ಟಿದರು. ಸೋರುವ ಮೂಗಿಗಾಗಿ ಅವರು ದಿನವೂ ಬೈಸಿಕೊಂಡವರು. ಅದನ್ನು ಒರೆಸಿಕೊಳ್ಳುವ ಬಗೆಯನ್ನು ಮರ್ಯಾದೆಯಿಂದ ಹೇಳಿಕೊಟ್ಟವರು ಅದುವರೆಗೆ ಯಾರೂ ಇರಲಿಲ್ಲ. ಮಗುವಿಗೂ ಮಾನವಿದೆ, ಅವಮಾನವಾದರೆ ಅದಕ್ಕೂ ನೋಯುತ್ತದೆ ಎಂಬುದು ಮರಿಯಾರಿಗೆ ಅಂದು ಸ್ಪಷ್ಟವಾಯಿತು.

ಓದುಬರಹದ ವಿಷಯವೂ ಹಾಗೆಯೇ. ಬಡಗಿಗಳು ಮರ ಉಜ್ಜುವ ಉಪ್ಪುಕಾಗದದಲ್ಲಿ ಅಕ್ಷರಗಳನ್ನು ಕತ್ತರಿಸಿ ರಟ್ಟಿಗೆ ಅಂಟಿಸಿದರು. ಮಕ್ಕಳು ಬೆರಳಿನಿಂದ ಅವನ್ನು ಸವರುತ್ತಾ ಅದರ ಧ್ವನಿಯನ್ನು ಹೇಳುತ್ತಿದ್ದರು. ನಮ್ಮ ಹಿರಿಯರು ಕೂಲಿಮಠಗಳಲ್ಲಿ ಮರಳಿನ ಮೇಲೆ ಬೆರಳಿಂದ ತಿದ್ದಿ ಕಲಿತದ್ದನ್ನು ಇದು ನೆನಪಿಸುತ್ತದೆ. ಕೆಲವು ತಿಂಗಳಾದ ಮೇಲೆ ನಾಲ್ಕೈದು ವರ್ಷದ ಮಕ್ಕಳು, ಯಾರೂ ಒತ್ತಾಯಿಸದೆ, ಸೀಮೆಸುಣ್ಣ ಹಿಡಿದು ನೆಲದ ಮೇಲೆಲ್ಲ ಬರೆಯತೊಡಗಿದರು. ಬರೆದದ್ದು ತಮ್ಮ ಮನೆಮಾತಿನಲ್ಲಿ, ತಮಗೆ ಗೊತ್ತಿದ್ದ ಪದಗಳನ್ನು.

ಧರ್ಮಸಭೆಯ ಅಂಗಳದಲ್ಲಿ

1908ರ ಡಿಸೆಂಬರ್ 28ರಂದು ಮೆಸ್ಸಿನಾ ನಗರವನ್ನು ಭೂಕಂಪ ನೆಲಸಮ ಮಾಡಿತು. ಅನಾಥರಾದ ಮಕ್ಕಳಲ್ಲಿ ಸುಮಾರು ಅರವತ್ತು ಮಂದಿಯನ್ನು ರೋಮಿನಲ್ಲಿ ಮರಿಯಮ್ಮನವರ ಫ್ರಾನ್ಸಿಸ್ಕನ್ ಮಿಷನರಿ ಭಗಿನಿಯರು ತಮ್ಮ ಮಠಕ್ಕೆ ತಂದುಕೊಂಡರು. ಈ ಸಭೆ ನಮಗೆ ದೂರದ್ದಲ್ಲ. 1877ರಲ್ಲಿ ಅದು ಹುಟ್ಟಿದ್ದು ನಮ್ಮ ನೆರೆಯ ಉದಕಮಂಡಲದಲ್ಲಿ. ಮಾತಿಲ್ಲದೆ, ಊಟ ನಿದ್ದೆ ಸರಿಯಾಗಿಲ್ಲದೆ ಮಂಕಾಗಿದ್ದ ಆ ಮಕ್ಕಳಿಗಾಗಿ ಭಗಿನಿಯರು ಮರಿಯಾರ ಪದ್ಧತಿಯನ್ನು ಕೈಗೆತ್ತಿಕೊಂಡರು. ಹೂವಿನ ತೋಟ, ಪುಟ್ಟ ಮೇಜು, ಬಣ್ಣದ ಪಿಂಗಾಣಿ ತಟ್ಟೆ, ತಾವೇ ಬಡಿಸಿ ತಾವೇ ತೊಳೆಯುವ ಕೆಲಸ. ಮೆಲ್ಲಮೆಲ್ಲನೆ ಆ ಮಕ್ಕಳಿಗೆ ಹಸಿವಾಯಿತು, ನಿದ್ದೆ ಬಂತು, ನಗು ಬಂತು.

ಎಲ್ಲ ಕಥೋಲಿಕರೂ ಮರಿಯಾರನ್ನು ಒಪ್ಪಿದರೆಂದಲ್ಲ. ಮಗುವಿಗೆ ಇಷ್ಟೊಂದು ಸ್ವಾತಂತ್ರ್ಯ ಕೊಡುವುದು ಜನ್ಮಪಾಪದ ಬೋಧನೆಯನ್ನೇ ಮರೆತಂತೆ ಎಂದು ಕೆಲವರು ಆಕ್ಷೇಪಿಸಿದರು. ಪ್ರಶ್ನೆ ಸಣ್ಣದಲ್ಲ. ಮಗು ಪಾಪರಹಿತ ದೇವದೂತನೆಂದು ಭಾವಿಸುವುದು ನಮ್ಮ ವಿಶ್ವಾಸವಲ್ಲ. ಆದರೆ ಜನ್ಮಪಾಪದ ಗಾಯವಿದ್ದರೂ ಮನುಷ್ಯಸ್ವಭಾವ ಪೂರ್ತಿ ಕೆಟ್ಟುಹೋಗಿಲ್ಲ, ದೈವಕೃಪೆ ಆ ಸ್ವಭಾವವನ್ನು ತೊಡೆದುಹಾಕದೆ ಪೂರ್ಣತೆಗೆ ಒಯ್ಯುತ್ತದೆ ಎಂಬುದು ಸಂತ ತೋಮಸ್ ಅಕ್ವಿನಾಸರ ಕಾಲದಿಂದಲೂ ನಮ್ಮ ಧರ್ಮಸಭೆಯ ತಿಳಿವಳಿಕೆ. ಬುದ್ಧಿಯ ಒಳಗೆ ಹೋಗುವುದೆಲ್ಲ ಮೊದಲು ಇಂದ್ರಿಯಗಳ ಬಾಗಿಲನ್ನು ದಾಟಬೇಕು ಎಂಬುದೂ ಅವರದೇ ತತ್ತ್ವ. ಮರಿಯಾ ಮಾಡಿದ್ದೂ ಅದನ್ನೇ. ಅವರ ಸ್ವಾತಂತ್ರ್ಯ ಮನಬಂದಂತೆ ಕುಣಿಯುವುದಲ್ಲ. ಇನ್ನೊಬ್ಬರ ಕೆಲಸ ಕೆಡಿಸುವುದಕ್ಕೆ, ಸಾಮಾನು ಒಡೆಯುವುದಕ್ಕೆ ಅಲ್ಲಿ ಅವಕಾಶವಿರಲಿಲ್ಲ. ಒಳ್ಳೆಯದನ್ನು ತಾನಾಗಿ ಆರಿಸಿಕೊಳ್ಳಲು ಕಲಿಯುವುದೇ ಆ ಸ್ವಾತಂತ್ರ್ಯ.

ಸ್ಪೇನಿನ ಬಾರ್ಸಿಲೋನಾದಲ್ಲಿ ಅವರ ಶಾಲೆಯ ಮಕ್ಕಳಿಗೆ ಅವರ ಅಳತೆಯದೇ ಪ್ರಾರ್ಥನಾಲಯವಿತ್ತು. ಮಕ್ಕಳು ಹೊಲದಲ್ಲಿ ಗೋಧಿ ಬಿತ್ತಿದರು, ದ್ರಾಕ್ಷಿ ಬೆಳೆದರು. ಬಲಿಪೂಜೆಯ ರೊಟ್ಟಿ ಮತ್ತು ದ್ರಾಕ್ಷಾರಸ ಎಲ್ಲಿಂದ ಬರುತ್ತವೆ ಎಂಬುದನ್ನು ಅವರ ಕೈಗಳೇ ಅರಿತವು. ಉರುಹೊಡೆದ ಜ್ಞಾನೋಪದೇಶ ಎಷ್ಟು ಬೇಗ ಮರೆತುಹೋಗುತ್ತದೆ ಎಂದು ಬಲ್ಲ ನಮಗೆ ಇದರಲ್ಲೊಂದು ಪಾಠವಿದೆ.

ಭಾರತಕ್ಕೆ ಬಂದ ಅಜ್ಜಿ

ಹೆಸರು ಲೋಕವೆಲ್ಲ ಹಬ್ಬಿತು. 1924ರಲ್ಲಿ ಮುಸ್ಸೊಲಿನಿಯ ಸರ್ಕಾರ ಅವರ ಶಾಲೆಗಳಿಗೆ ಬೆಂಬಲ ಕೊಟ್ಟಿತು, ಅವರೂ ಸ್ವೀಕರಿಸಿದರು. ಆದರೆ ಆ ಸರ್ಕಾರಕ್ಕೆ ಬೇಕಾದದ್ದು ಸಮವಸ್ತ್ರ ತೊಟ್ಟು ಸೆಲ್ಯೂಟ್ ಹೊಡೆಯುವ ಮಕ್ಕಳು. ಕೊನೆಗೆ ಸಂಬಂಧ ಮುರಿಯಿತು. 1934ರ ಹೊತ್ತಿಗೆ ಮರಿಯಾ ತಾಯ್ನಾಡನ್ನೇ ಬಿಟ್ಟರು. 1936ರಲ್ಲಿ ಸ್ಪೇನಿನ ಅಂತರ್ಯುದ್ಧ ಅವರನ್ನು ಬಾರ್ಸಿಲೋನಾದಿಂದಲೂ ಓಡಿಸಿತು. ಆಶ್ರಯ ಕೊಟ್ಟದ್ದು ಹಾಲೆಂಡ್.

1939ರಲ್ಲಿ, ಅರವತ್ತೊಂಬತ್ತರ ವಯಸ್ಸಿನಲ್ಲಿ, ಥಿಯಾಸಫಿಕಲ್ ಸೊಸೈಟಿಯ ಆಹ್ವಾನದ ಮೇಲೆ ಮದರಾಸಿನ ಅಡ್ಯಾರಿಗೆ ಬಂದರು. ಜೊತೆಗೆ ಮಾರಿಯೊ. ಶಿಕ್ಷಕರ ತರಬೇತಿಗೆ ದೇಶದ ಮೂಲೆಮೂಲೆಯಿಂದ ಸುಮಾರು 300 ಮಂದಿ ಬಂದರು. 1940ರ ಜೂನಿನಲ್ಲಿ ಇಟಲಿ ಯುದ್ಧಕ್ಕಿಳಿದಾಗ ಬ್ರಿಟಿಷ್ ಸರ್ಕಾರದ ಕಣ್ಣಿಗೆ ಇವರಿಬ್ಬರೂ ಶತ್ರುದೇಶದವರಾದರು. ಮಾರಿಯೊರನ್ನು ಅಹಮದ್‌ನಗರದ ಶಿಬಿರದಲ್ಲಿ ಇರಿಸಿದರು, ಮರಿಯಾರಿಗೆ ಅಡ್ಯಾರ್ ಬಿಟ್ಟು ಹೋಗದಂತೆ ನಿರ್ಬಂಧ ಹಾಕಿದರು. ಆ ವರ್ಷ ಆಗಸ್ಟ್ 31ರಂದು, ಅವರ ಎಪ್ಪತ್ತನೆಯ ಹುಟ್ಟುಹಬ್ಬದ ಕಾಣಿಕೆಯಾಗಿ, ಸರ್ಕಾರ ಮಾರಿಯೊರನ್ನು ಬಿಡುಗಡೆ ಮಾಡಿತು. ಮಗನೆಂದು ಬಾಯಿಬಿಟ್ಟು ಹೇಳಲಾಗದೆ ವರ್ಷಗಟ್ಟಲೆ ಕಳೆದ ತಾಯಿಗೆ ಇದಕ್ಕಿಂತ ದೊಡ್ಡ ಕಾಣಿಕೆ ಇರಲಾರದು.

ಯುದ್ಧದ ವರ್ಷಗಳಲ್ಲಿ ಅವರು ಕೊಡೈಕೆನಾಲಿನಲ್ಲೂ ಇದ್ದು ಕೆಲಸ ಮುಂದುವರಿಸಿದರು. 1946ರಲ್ಲಿ ಯೂರೋಪಿಗೆ ಹೋಗಿ ಮತ್ತೆ ಭಾರತಕ್ಕೆ ಬಂದರು. ಇಲ್ಲಿ ಅವರಿಂದ ತರಬೇತಿ ಪಡೆದವರು ಸಾವಿರಕ್ಕೂ ಹೆಚ್ಚು. ಹುಟ್ಟಿನಿಂದ ಮೂರು ವರ್ಷದವರೆಗೆ ಮಗುವಿನ ಮನಸ್ಸು ಸುತ್ತಲಿನದನ್ನೆಲ್ಲ ಹೇಗೆ ಹೀರಿಕೊಳ್ಳುತ್ತದೆ ಎಂಬ ಅವರ ವಿಚಾರ ಗಟ್ಟಿಯಾದದ್ದು ಇಲ್ಲಿ. ಆ ಕುರಿತ ಪುಸ್ತಕ ಮೊದಲು ಅಚ್ಚಾದದ್ದೂ 1949ರಲ್ಲಿ, ಮದರಾಸಿನಲ್ಲಿ.

1952ರ ಮೇ 6ರಂದು ಹಾಲೆಂಡಿನ ನೂರ್ಡ್‌ವೈಕ್ ಎಂಬ ಕಡಲತೀರದ ಊರಿನಲ್ಲಿ ಅವರು ಕಣ್ಣುಮುಚ್ಚಿದರು. ಅಲ್ಲಿನ ಕಥೋಲಿಕ ಸಮಾಧಿಭೂಮಿಯಲ್ಲಿ ಅವರನ್ನು ಮಣ್ಣುಮಾಡಲಾಯಿತು. ತಮ್ಮ ಮರಣಪತ್ರದಲ್ಲಿ ಅವರು ಮಾರಿಯೊರನ್ನು ಮಗನೆಂದೇ ಬರೆದಿದ್ದರು.

ಶಾಲೆಯ ಬಾಗಿಲಲ್ಲಿ ನಿಂತಾಗ

ಪ್ರಿಯ ತಂದೆತಾಯಿಗಳೇ, ಈ ಕಥೆಯಿಂದ ನಮಗೇನು ಪ್ರಯೋಜನ? ಮೊದಲನೆಯದಾಗಿ, ಬೋರ್ಡನ್ನು ನಂಬಿ ಮೋಸಹೋಗಬೇಡಿ. ಮಾಂಟೆಸ್ಸೊರಿ ಎಂಬ ಹೆಸರನ್ನು ಯಾರು ಬೇಕಾದರೂ ಬರೆಸಿ ತೂಗುಹಾಕಬಹುದು. ಒಳಗೆ ಮೂರು ವರ್ಷದ ಮಕ್ಕಳನ್ನು ಸಾಲುಸಾಲಾಗಿ ಕೂರಿಸಿ, ಬಾಯಿಯ ಮೇಲೆ ಬೆರಳಿಡಿಸಿ, ಪುಟಗಟ್ಟಲೆ ಹೋಂವರ್ಕ್ ಕೊಟ್ಟರೆ ಆ ಹೆಸರಿಗೆ ಅರ್ಥವಿಲ್ಲ. ದುಬಾರಿ ಫೀಸು ಒಳ್ಳೆಯ ಶಾಲೆಯ ಗುರುತೂ ಅಲ್ಲ. ಮೊದಲ ಮಕ್ಕಳ ಮನೆ ಕೂಲಿಕಾರರ ಮಕ್ಕಳದು ಎಂಬುದನ್ನು ಮರೆಯದಿರೋಣ. ಮಕ್ಕಳನ್ನು ಪ್ರೀತಿಸುವ ಕಾರ್ಯಕರ್ತೆಯಿರುವ ಮನೆಹತ್ತಿರದ ಅಂಗನವಾಡಿ, ಬಸ್ಸಿನಲ್ಲಿ ಒಂದು ಗಂಟೆ ಕುಳಿತು ಸೇರುವ ದೊಡ್ಡ ಶಾಲೆಗಿಂತ ಆ ವಯಸ್ಸಿಗೆ ಒಳ್ಳೆಯದಾಗಿರಬಹುದು.

ಎರಡನೆಯದಾಗಿ, ಶಾಲೆ ನಡೆಯುತ್ತಿರುವ ಹೊತ್ತಿನಲ್ಲಿ ಅಪ್ಪಣೆ ಕೇಳಿ ಅರ್ಧ ಗಂಟೆ ಒಳಗೆ ಕುಳಿತು ನೋಡಿ. ಮಕ್ಕಳ ಕೈಗಳು ಏನು ಮಾಡುತ್ತಿವೆ? ಬೇಕಾದ ಸಾಮಾನು ಅವರ ಕೈಗೆಟಕುತ್ತದೆಯೇ, ಅಥವಾ ನೋಡಲು ಬಂದವರಿಗಾಗಿ ಗಾಜಿನ ಬೀರುವಿನಲ್ಲಿದೆಯೇ? ಶಿಕ್ಷಕಿ ಮಗುವಿನ ಜೊತೆ ಮಾತನಾಡುವಾಗ ಬಗ್ಗುತ್ತಾರೆಯೇ, ದೂರದಿಂದ ಕೂಗುತ್ತಾರೆಯೇ? ಚಡ್ಡಿ ಒದ್ದೆಯಾದ ಮಗುವನ್ನು ಹೇಗೆ ನಡೆಸಿಕೊಳ್ಳುತ್ತಾರೆ? ಆ ಒಂದು ಕ್ಷಣದಲ್ಲಿ ಇಡೀ ಶಾಲೆ ಕಾಣುತ್ತದೆ. ಮಗು ಮನೆಮಾತಿನಲ್ಲಿ ನೀರು ಕೇಳಿದರೆ ಸಿಗುತ್ತದೆಯೇ ಎಂಬುದನ್ನೂ ನೋಡಿ. ಇಂಗ್ಲಿಷ್ ನಿಧಾನವಾಗಿ ಬರುತ್ತದೆ, ಬರಲಿ. ಬಾಯಾರಿಕೆ ಕಾಯುವುದಿಲ್ಲ.

ಮೂರನೆಯದು ಮನೆಯ ಮಾತು. ಕೆಲಸಕ್ಕೆ ಹೋಗುವ ತಾಯಂದಿರು ಮಗುವನ್ನು ಶಾಲೆಯಲ್ಲಿ ಬಿಟ್ಟು ಬರುವಾಗ ಕಣ್ಣೊರೆಸಿಕೊಳ್ಳುವುದುಂಟು. ಅದು ತಪ್ಪಲ್ಲ, ಪ್ರೀತಿಯ ಗುರುತು. ಸಾನ್ ಲೊರೆಂಜೊದ ತಾಯಂದಿರೂ ದುಡಿಯಲು ಹೋದವರೇ. ಆದರೆ ಎಷ್ಟೇ ಒಳ್ಳೆಯ ಶಾಲೆಯಾದರೂ ಅದು ಮಡಿಲಿಗೆ ಬದಲಿಯಲ್ಲ. ಸಂಜೆ ಮನೆಗೆ ಬಂದ ಮಗುವಿಗೆ ಪಾಠ ಒಪ್ಪಿಸು ಎನ್ನುವುದಕ್ಕಿಂತ ಬಟಾಣಿ ಸುಲಿಯಲು, ತಟ್ಟೆ ಇಡಲು, ಗಿಡಕ್ಕೆ ನೀರು ಹಾಕಲು ಬಿಡಿ. ಜಪಸರದ ಹೊತ್ತಿಗೆ ಮೇಣದಬತ್ತಿಯನ್ನು ತಂದು ಕೊಡುವ ಕೆಲಸ ಅದರದಾಗಲಿ. ಚೆಲ್ಲಿದರೆ ಒರೆಸುವ ಬಟ್ಟೆಯನ್ನೂ ಅದರ ಕೈಗೇ ಕೊಡಿ.

ಸಾನ್ ಲೊರೆಂಜೊದಲ್ಲಿ ಒಂದು ದಿನ ಮರಿಯಾ ಅಂಗಳದಲ್ಲಿ ಸಿಕ್ಕ ತಾಯಿಯೊಬ್ಬಳಿಂದ ನಾಲ್ಕು ತಿಂಗಳ ಹಸುಗೂಸನ್ನು ಎತ್ತಿಕೊಂಡು ಮಕ್ಕಳ ಮುಂದೆ ಬಂದರು. ಇಷ್ಟು ಸದ್ದಿಲ್ಲದೆ ಇರಲು ನಿಮ್ಮಲ್ಲಿ ಯಾರಿಗೂ ಆಗದು ಎಂದು ತಮಾಷೆಗೆ ಹೇಳಿದರು. ಮಕ್ಕಳು ಆ ಕೂಸನ್ನೇ ನೋಡುತ್ತಾ, ಅದರಂತೆಯೇ ಉಸಿರಾಡಲು ಯತ್ನಿಸುತ್ತಾ ಸ್ತಬ್ಧರಾದರು. ಗಡಿಯಾರದ ಸದ್ದು ಕೇಳುವಷ್ಟು ಮೌನ. ಬೆದರಿಕೆಯಿಂದ ಬಂದದ್ದಲ್ಲ, ಬೆತ್ತದಿಂದ ಬಂದದ್ದಲ್ಲ. ಮಕ್ಕಳನ್ನು ತನ್ನ ಬಳಿಗೆ ಬರಗೊಟ್ಟ ಪ್ರಭುವಿನ ಸನ್ನಿಧಿಗೆ ತಕ್ಕ ಮೌನ ಅದು. ನಿಮ್ಮ ಮಗುವಿಗಾಗಿ ನೀವು ನೋಡಹೋದ ಶಾಲೆಯಲ್ಲಿ ಅಂತಹ ಒಂದು ಗಳಿಗೆ ಕಂಡರೆ, ಬೇರೆ ಲೆಕ್ಕಗಳನ್ನು ಬದಿಗಿಟ್ಟು ಅಲ್ಲಿಗೇ ಸೇರಿಸಿ.